ಗಡಿ ಮುಚ್ಚಿದ ವರ್ಷದ ಬಾಣಂತಿ

ಸಂಖ, ತಾ. ಜತ್ತ, ಜಿ. ಸಾಂಗಲಿ
ದಿ. ೬ ಜನವರಿ ೨೦೨೫

ಚಿ. ಸೌ. ಶಾಂತಾದೇವಿಗೆ ನಿನ್ನ ತಂದೆ ಮಲಕಾಜಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಈ ವಾಕ್ಯವನ್ನು ನಾನು ರೂಢಿಗಾಗಿ ಬರೆದಿಲ್ಲ. ಬಹಳ ಕಾಲದ ಮೇಲೆ ಅದು ನಿಜವಾಗಿದೆ. ನಿಜವೆಂದು ತಿಳಿದೇ ಬರೆದಿದ್ದೇನೆ.

ಆಗಸ್ಟಿನಿಂದ ನೀನು ಮೊಬೈಲಿನಲ್ಲಿ ಅತ್ತಿಗೆ ಉಮಾಶ್ರೀಯ ಬಗ್ಗೆ "ವೈನಿ ಹೆಂಗದಾರಪ್ಪಾ?" ಎಂದು ಕೇಳುತ್ತಲೇ ಬಂದೆ. ನಾನು ಪ್ರತಿ ಸಲವೂ "ಸುಧಾರಣೆ ಇದೆ" ಎಂದಷ್ಟೇ ಉತ್ತರಿಸಿದೆ. "ಕಾಲೇಜಿನ್ಯಾಗ ಅರ್ಧಾ ತಾಸ ಭಾಷಣಾ ಹೊಡೀತಿದ್ರಂತ, ಮಗಳಿಗೆ ಎರಡ ಶಬ್ದ ಅಷ್ಟ ಏನ್ರಿ?" ಎಂದು ನೀನು ಬೈದದ್ದು ನ್ಯಾಯವೇ ಆಗಿತ್ತು. ಬಸುರಿ ಮಗಳಿಗೆ ಎಷ್ಟು ಹೇಳಬೇಕು, ಎಷ್ಟನ್ನು ತಡೆದಿಡಬೇಕು ಎಂಬುದು ನನಗೆ ತಿಳಿಯಲಿಲ್ಲ. ಫೋನಿನಲ್ಲಿ ಮಾತಾಡಿದರೆ ನನ್ನ ಮಾತು ವಾದವಾಗಿಬಿಡುತ್ತದೆ. ಆದ್ದರಿಂದ ಕಾಗದ ಹಿಡಿದಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಇರಲಿ.

ಈಗಲೇ ಬರೆಯಲು ಒಂದು ಕಾರಣ ಒದಗಿದೆ. ಹತ್ತು ದಿನದ ಹಿಂದೆ ನಿನ್ನ ಅತ್ತೆಯವರು ಇಚಲಕರಂಜಿಯಿಂದ ನಿನ್ನ ತಾಯಿಗೆ ಫೋನ್ ಮಾಡಿದ್ದರು. "ಬಸರಿ ಹೆಣ್ಣಿಗೆ ಕುಬಸಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬಾಣಂತನಾ ಮಾತ್ರ ನಿಮ್ಮ ಮನ್ಯಾಗ ಬ್ಯಾಡ್ರಿ ಬೀಗತಿ. ಸೊಸಿಗೆ ಆಗಿಬರಲಾರದ ಮನಿ ಮಗಳಿಗೆ ಯಾಕ?" ಎಂದರಂತೆ. ನಿನ್ನ ತಾಯಿ ಫೋನ್ ಕೆಳಗಿಟ್ಟು, ಒಂದು ಅಕ್ಷರವನ್ನೂ ಬಿಡದೆ ನನಗೆ ಒಪ್ಪಿಸಿ, ರೊಟ್ಟಿ ಬಡಿಯಲು ಕುಳಿತಳು. ಅಂದಿನ ರೊಟ್ಟಿಗಳ ಸಪ್ಪಳ ಪೇಟೆಯ ತನಕ ಕೇಳಿರಬೇಕು.

ನನಗೆ ಅವರ ಮೇಲೆ ಸಿಟ್ಟಿಲ್ಲ. ಎದುರು ಪಕ್ಷದ ಮಾತಿನಲ್ಲಿ ಸತ್ಯವಿದ್ದರೆ ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗಬೇಕೆಂದು ವಿಜಯಪುರದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತಿದ್ದೇನೆ. ಈ ಮನೆಯ ಬಾಣಂತನ ಉಮಾಶ್ರೀಗೆ ಆಗಿಬರಲಿಲ್ಲ, ಒಪ್ಪಿದೆ. ಯಾಕೆ ಆಗಿಬರಲಿಲ್ಲ ಎಂಬುದನ್ನು ಮಾತ್ರ ನೀನು ನನ್ನಿಂದ ಕೇಳಬೇಕು. ಕೇಳಿದ ಮೇಲೆ ನಿರ್ಣಯ ನಿನ್ನದು.

ನಿನ್ನ ಅಣ್ಣ ಈಶ್ವರ ಡಫಳಾಪುರದ ರಸ್ತೆಯಲ್ಲಿ ಅಪಘಾತವಾಗಿ ನಮ್ಮನ್ನು ಬಿಟ್ಟುಹೋದಾಗ ಉಮಾಶ್ರೀಗೆ ಏಳು ತಿಂಗಳು ತುಂಬಿತ್ತು. ಅವಳ ತವರು ಗಡಿಯಾಚೆ ಕರ್ನಾಟಕದ ಚಡಚಣ; ಇಲ್ಲಿಂದ ಮೋಟರಿನಲ್ಲಿ ಹೋದರೆ ಬಹಳ ಹೊತ್ತಿನ ದಾರಿಯಲ್ಲ. ಚೊಚ್ಚಲ ಹೆರಿಗೆಗೆ ತಾಯಿ ಬಂದು ಕರೆದೊಯ್ಯುವಳೆಂದು ಮಾತಾಗಿತ್ತು. ಅಷ್ಟರಲ್ಲಿ ಕರೋನಾ ಬಂತು. ಆ ವರ್ಷ ರಾಜ್ಯದ ಗಡಿಗೆ ಮಣ್ಣು ಸುರಿದು ರಸ್ತೆ ಕಟ್ಟಿದ್ದು ನಿನಗೆ ನೆನಪಿದೆ. ಅರ್ಧ ಸಂಬಂಧ ಆ ಕಡೆ ಇರುವ ನಮಗೆ ಗಡಿಯೊಂದು ಇದೆಯೆಂಬುದು ಅಲ್ಲಿಯವರೆಗೆ ಬಸ್ಸಿನ ಬಣ್ಣ ಬದಲಾಗುವುದರಲ್ಲಿ ಮಾತ್ರ ತಿಳಿಯುತ್ತಿತ್ತು. ಚಡಚಣದ ಬೀಗತಿ ಬಾಣಂತಿಗೆಂದು ಅಂಟಿನ ಉಂಡಿಯ ಡಬ್ಬಿ ಹೊತ್ತುಕೊಂಡು ಆ ಮಣ್ಣಿನ ಗುಡ್ಡೆಯ ತನಕ ಬಂದು, ಡಬ್ಬಿಯನ್ನು ಪೊಲೀಸನ ಕೈಗೆ ಕೊಟ್ಟು, ಮಗಳ ಮುಖ ಕಾಣದೆ ತಿರುಗಿ ಹೋದಳು.

ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ಪಾಸು, ತಪಾಸಣೆ, ವಾಹನ ಎಂದು ರಕ್ತದ ಬಾಟಲಿ ಬರುವುದು ತಡವಾಯಿತು. ಕೂಸು ಈಶ್ವರಿ ಗಟ್ಟಿಯಾಗಿ ಅತ್ತಳು, ತಾಯಿ ಬದುಕಿದಳು. ಮಗನನ್ನು ಕಳೆದುಕೊಂಡ ಮನೆಗೆ ಅಷ್ಟು ಸಾಕಾಯಿತು. ಬದುಕಿದಳಲ್ಲ ಎಂಬ ಸಮಾಧಾನದಲ್ಲಿ ಮುಂದೆ ಯಾರೂ ಏನನ್ನೂ ಕೇಳಲಿಲ್ಲ.

ಅವಳಿಗೆ ಎದೆಹಾಲು ಬರಲಿಲ್ಲ. ನಿನ್ನ ತಾಯಿ ಸಬ್ಬಸಗಿ, ಬಳ್ಳೊಳ್ಳಿ ಎಂದು ತಿಳಿದದ್ದನ್ನೆಲ್ಲ ತಿನ್ನಿಸಿದಳು. ಕೊನೆಗೆ ಪಕ್ಕದ ಓಣಿಯ ಕುರಿಗಾರರ ಯಮನವ್ವ ದಿನವೂ ಆಡಿನ ಹಾಲು ತಂದು ಕೊಟ್ಟಳು. "ಗಂಡ ಹ್ವಾದ ದುಃಖಕ್ಕ ಎದಿ ಬತ್ತೈತ್ರಿ, ಪಾಪ" ಎಂದಳು. ನಾವೂ ಹೌದೆಂದೆವು. ಆ ಒಂದು ಕಾರಣ ನಮಗೆ ಎಷ್ಟು ಅನುಕೂಲವಾಯಿತೆಂದರೆ, ಮುಂದಿನ ನಾಲ್ಕು ವರ್ಷ ಅವಳ ಮೈಯಲ್ಲಿ ಏನು ಕಂಡರೂ ಅದನ್ನೇ ಹಚ್ಚಿದೆವು. ಕೂದಲು ಉದುರಿತು, ದುಃಖ. ಮಾತು ನಿಧಾನವಾಯಿತು, ದನಿ ದಪ್ಪವಾಯಿತು, ದುಃಖ. ಎರಡು ತುತ್ತಿಗೆ ಕೈ ತೊಳೆದಳು, ದುಃಖ. ವೈಶಾಖದ ಬಿಸಿಲಿನಲ್ಲೂ ಈಶ್ವರನ ಕಂದು ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದುದನ್ನು ನೀನೂ ನೋಡಿದ್ದೀ. ಎರಡು ವರ್ಷದ ಹಿಂದೆ ಪಂಚಮಿಗೆ ಬಂದಾಗ, "ವೈನಿ ಇಡೀ ದಿನಾ ಮಲಗಿರತಾರ, ಅವ್ವ ಒಬ್ಬಾಕೀನ ಸಾಯಬೇಕೇನು?" ಎಂದು ನೀನು ರೇಗಿದೆ. ನಾನು ಅವಳನ್ನು ಕರೆಸಿ ಕೂರಿಸಿ, ಶೋಕಕ್ಕೂ ಒಂದು ಮುಕ್ತಾಯವಿರಬೇಕು, ಮನೋಬಲದಿಂದ ಮನುಷ್ಯ ಏನನ್ನೂ ಗೆಲ್ಲಬಲ್ಲ ಎಂದು ಬಹಳ ಹೊತ್ತು ಮಾತಾಡಿದೆ. ಉದಾಹರಣೆಗಳೂ ಚೆನ್ನಾಗಿದ್ದವು. ಅವಳು ಅರೆಗಣ್ಣಿನಲ್ಲಿ ಕೇಳಿ "ಹೂನ್ರಿ ಮಾವಾರ" ಎಂದು ಎದ್ದುಹೋಗಿ ಮತ್ತೆ ಮಲಗಿದಳು.

ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ಈಶ್ವರಿ ಬಂದು ನನ್ನ ಧೋತರ ಹಿಡಿದು, "ಮುತ್ಯಾ, ಅವ್ವನ ಕಾಲಾಗ ಚಪ್ಪಲಿ ಹೋಗವಲ್ದು" ಎಂದಳು. ಹೋಗಿ ನೋಡಿದರೆ ಪಾದಗಳು ಬಾತಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕುಳಿತಿದ್ದಳು. ಜತ್ತದ ಡಾಕ್ಟರರು ನೋಡಿದವರೇ, "ಇಲ್ಲಿ ಹೊತ್ತು ಕಳೀಬ್ಯಾಡ್ರಿ, ಲಗೂನ ಮಿರಜಿಗೆ ಒಯ್ರಿ" ಎಂದರು.

ಮಿರಜೆಯಲ್ಲಿ ಪರೀಕ್ಷೆ ಮಾಡಿ, ಹೃದಯ ಉಬ್ಬಿದೆ, ರಕ್ತವನ್ನು ದೂಡುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿದೆ ಎಂದರು. ಔಷಧ ಸುರುವಾಯಿತು. ಆದರೆ ರಕ್ತದೊತ್ತಡ ಏಳಲೊಲ್ಲದು. ಅವಳು ದಿನದಿನಕ್ಕೆ ಇನ್ನಷ್ಟು ತಣ್ಣಗಾಗುತ್ತಿದ್ದಳು. ಮಗನ ಹೆಣ ಹೊತ್ತು ತಂದ ದಾರಿಯಲ್ಲೇ ಇವಳನ್ನೂ ತರಬೇಕಾದೀತೆಂದು ನಾನು ಒಳಗೇ ಸಿದ್ಧನಾಗತೊಡಗಿದ್ದೆ. ಈಶ್ವರಿಗೆ ಯಾರು ಏನು ಹೇಳಬೇಕೆಂಬ ವಾಕ್ಯವನ್ನು ಕೂಡ ಮನಸ್ಸಿನಲ್ಲಿ ಕಟ್ಟುತ್ತಿದ್ದೆ. ವಾಕ್ಯ ಕೂಡಿಬರಲಿಲ್ಲ.

ಆಗ ಅಥಣಿ ಕಡೆಯ ಒಬ್ಬ ಹಿರಿಯ ಡಾಕ್ಟರಬಾಯಿ ನೋಡಲು ಬಂದರು. ಅವರು ಪ್ರಶ್ನೆ ಕೇಳುತ್ತಿದ್ದುದು ಉಮಾಶ್ರೀಯನ್ನು. ಉತ್ತರ ಕೊಡುತ್ತಿದ್ದವನು ನಾನು. ಗಂಡ ತೀರಿದ ದುಃಖದಿಂದ ಹೀಗಾಗಿದೆ ಎಂದು ಮೊದಲಿನಿಂದ ವಿವರಿಸತೊಡಗಿದೆ.

"ಕಾಕಾ," ಎಂದರು ಆಕೆ, "ದುಃಖಾ ನಾನೂ ಭಾಳ ನೋಡೀನ್ರಿ. ದುಃಖಕ್ಕ ಹುಬ್ಬ ಉದರೂದಿಲ್ಲ. ನೀವು ಚೂರ ಹೊರಗ ನಿಲ್ರಿ, ನಾ ಇವರ ಕೂಡ ಮಾತಾಡತೇನಿ."

ನನ್ನನ್ನು ವೇದಿಕೆಯಿಂದ ಇಳಿಸಿದವರು ಅವರೊಬ್ಬರೇ. ಒಳಗೆ ನಡೆದದ್ದನ್ನು ಆಮೇಲೆ ನಿನ್ನ ತಾಯಿ ಹೇಳಿದಳು. ಹೆರಿಗೆಯಲ್ಲಿ ರಕ್ತ ಹೋಗಿತ್ತೇ ಎಂದು ಕೇಳಿದರಂತೆ, ಹೋಗಿತ್ತು. ಹಾಲು ಬಂದಿತ್ತೇ, ಇಲ್ಲ. ಆಮೇಲೆ ಮುಟ್ಟು?

"ಇಲ್ರಿ," ಎಂದಳಂತೆ ಉಮಾಶ್ರೀ.

"ಯಾವಾಗಿಂದ?"

"ಈಶ್ವರಿ ಹುಟ್ಟಿದಾಗಿಂದ ಒಮ್ಮಿನೂ ಬಂದಿಲ್ರಿ."

"ನಾಕ ವರ್ಷ! ಯಾರಿಗೂ ಹೇಳಲಿಲ್ಲೇನವಾ?"

"ಗಂಡ ಇಲ್ಲದಾಕಿಗೆ ಅದು ಬಂದ್ರೇನ್ರಿ, ಬಿಟ್ರೇನ್ರಿ."

ಆಗ ನಿನ್ನ ತಾಯಿ ನಡುವೆ ಬಾಯಿ ಹಾಕಿದಳಂತೆ. "ಒಂದ ಒಲಿ ಮುಂದ ಕುಂತ ರೊಟ್ಟಿ ಬಡದೇವ್ರಿ ಬಾಯಿ. ನನಗ ಗೊತ್ತ ಇಲ್ರಿ. ಹಡದಾಕಿ ಕೇಳೂ ಮಾತು, ನಾ ಹೆಂಗ ಕೇಳಲಿ ಅಂತ ಸುಮ್ಮಿದ್ದೆ" ಎಂದಳಂತೆ. ಗಡಿ ತೆರೆದು ಹಡೆದವಳು ಬರುವ ಹೊತ್ತಿಗೆ ಕೂಸು ಅಂಬೆಗಾಲಿಡುತ್ತಿತ್ತು; ಅಂಥ ಮಾತನ್ನೆಲ್ಲ ಅತ್ತೆ ಕೇಳಿರುತ್ತಾಳೆಂದು ಆಕೆ ತಿಳಿದಳು. ನಿನ್ನ ತಾಯಿಗೆ ಹಡೆದವಳು ಕೇಳಿರುತ್ತಾಳೆಂಬ ನಂಬಿಕೆ. ಇಬ್ಬರೂ ಮರ್ಯಾದಸ್ಥರು.

ಡಾಕ್ಟರಬಾಯಿ ನನ್ನನ್ನು ಒಳಗೆ ಕರೆದು ತಿಳಿಸಿದ್ದನ್ನು ಹಾಗೆಯೇ ಬರೆಯುತ್ತೇನೆ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಗ್ರಂಥಿಯಿದೆ; ಪಿಟ್ಯುಟರಿ ಎನ್ನುತ್ತಾರೆ. ದೇಹದ ಬೇರೆ ಗ್ರಂಥಿಗಳು ಅದರ ಆಜ್ಞೆಯಿಂದ ಕೆಲಸ ಮಾಡುತ್ತವೆ. ಹೆರಿಗೆಯಲ್ಲಿ ರಕ್ತ ಅತಿಯಾಗಿ ಹೋದಾಗ ಆ ಗ್ರಂಥಿಗೆ ರಕ್ತ ಸಿಗದೆ ಅದರ ಬಹುಭಾಗ ಸತ್ತುಹೋಗಿತ್ತು. ಹಾಲು ಬಾರದ್ದು, ಮುಟ್ಟು ನಿಂತದ್ದು, ಚಳಿ, ನಿದ್ದೆ, ಹುಬ್ಬು ಉದುರಿದ್ದು, ಎಲ್ಲದರ ಮೂಲ ಅದೇ. ಮೈ ನಡೆಯಲು ಬೇಕಾದ ಹಾರ್ಮೋನುಗಳು ವರ್ಷಗಟ್ಟಲೆ ಬಾರದೆ ಕೊನೆಗೆ ಹೃದಯವೂ ಸೋತಿತ್ತು.

"ಬದುಕತಾಳೇನ್ರಿ?" ಎಂದೆ. ಪೀಠಿಕೆಯಿಲ್ಲದೆ ನಾನು ಆಡಿದ ಮೊದಲ ಪ್ರಶ್ನೆ ಅದೇ ಇರಬೇಕು.

"ಹೃದಯಕ್ಕ ಬ್ಯಾರೆ ರೋಗ ಇಲ್ಲ ಅನಸ್ತೈತಿ ಕಾಕಾ. ಇಲ್ಲದ್ದನ್ನ ಕೊಟ್ರ ತಿರುಗಿ ಏಳತೈತಿ. ಆದ್ರ ಸಾವಕಾಶ. ಮೊದಲ ಒಂದು ಗುಳಗಿ, ಅದು ಮೈಗೆ ಹತ್ತಿದ ಮ್ಯಾಲೆ ಥೈರಾಯಿಡಿಂದು. ಹಿಂದ ಮುಂದ ಆದ್ರ ಜೀವಕ್ಕ ಅಪಾಯ."

ರಕ್ತದ ವರದಿಯೂ ತಲೆಯ ಚಿತ್ರವೂ ಅವರ ಮಾತನ್ನೇ ಹೇಳಿದವು. ಔಷಧ ಸುರುವಾದ ಕೆಲವೇ ದಿನಗಳಲ್ಲಿ ನಿನ್ನ ತಾಯಿ ವಾರ್ಡಿನಿಂದ ಹೊರಗೆ ಓಡಿಬಂದಳು. ಅವಳು ಓಡುವುದನ್ನು ಕಂಡು ನಾನು ಬೆಂಚಿನಿಂದ ಎದ್ದೆ. "ಹಸಿವಾಗೈತಿ ಅಂದಳ್ರಿ! ಉಮಾ ತಾನ ಕೇಳಿದಳು, ಅತ್ಯಾರ ಹಸಿವಾಗೈತ್ರಿ ಅಂದಳು!" ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಕೂಗಿದಳು. ಎದುರಿನ ಹಾಟೆಲಿನಲ್ಲಿ ಆ ಹೊತ್ತಿಗೆ ಇದ್ದದ್ದು ಉಪ್ಪಿಟ್ಟು ಮಾತ್ರ. ಅದನ್ನು ಹಿಡಿದುಕೊಂಡು ರಸ್ತೆ ದಾಟುವ ಅವಸರದಲ್ಲಿ ಚಿಲ್ಲರೆಯನ್ನು ಅಲ್ಲಿಯೇ ಬಿಟ್ಟುಬಂದೆನೆಂದು ನಿನಗೆ ಹೇಳಬಹುದೆಂದು ಕಾಣುತ್ತದೆ.

ಮನೆಗೆ ಬಂದ ಮೇಲೆ ಒಂದು ಹೊಸ ತಂಟೆ. ಮುಂಜಾನೆಯ ಗುಳಿಗೆಯನ್ನು ಎದ್ದ ಕೂಡಲೇ ನುಂಗಬೇಕು, ಜ್ವರ ಬಂದರೆ ಎರಡರಷ್ಟು, ಜೀವ ಇರುವ ತನಕ ಬಿಡುವಂತಿಲ್ಲ. ನಿನ್ನ ತಾಯಿಯದೋ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕದ ಪದ್ಧತಿ. ಸೊಸೆಯೂ ಅದನ್ನೇ ಹಿಡಿದಳು. ಗುಳಿಗೆ ಆಹಾರವಲ್ಲ, ಆದ್ದರಿಂದ ನೇಮಕ್ಕೆ ಭಂಗವಿಲ್ಲ ಎಂದು ನಾನು ಮೂರು ಅಂಶಗಳಲ್ಲಿ ಮಂಡಿಸಿದೆ. ನಿನ್ನ ತಾಯಿ ಪೂರ್ತಿ ಕೇಳಿ, "ಆತು, ನಿಮ್ಮ ಭಾಷಣಾ ಮುಗೀತಿಲ್ಲ?" ಎಂದು ಎದ್ದು, ಗುಳಿಗೆಯ ಪಾಕೀಟನ್ನು ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಮಗ್ಗುಲಿಗೆ ಇಟ್ಟಳು. "ವಿಭೂತಿ ಹಚ್ಕೊ, ಗುಳಗಿ ನುಂಗು, ಆಮ್ಯಾಲೆ ಪೂಜಿ. ಶಿವಾ ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ" ಎಂದಳು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ.

ಯಮನವ್ವ ಬಿಡುವವಳೇ? ಹಾಲು ತಂದವಳು ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಳು. "ನಮ್ಮ ಮನ್ಯಾಗ ಸೊಸಿ ಒಂದ ತಿಂಗಳ ಹೊರಗ ಕುಂದ್ರಲಿಲ್ಲಂದ್ರ ಓಣಿಗೆ ಪೇಢೆ ಹಂಚೂ ಸುದ್ದಿ ಸಾವಕಾರ್ರ. ನಿಮ್ಮದು ಸುಧಾರಿಸಿದ ಮನಿ. ನಾಕ ವರ್ಷಾದ್ರೂ ಮನಿಯವರಿಗೇ ಸುದ್ದಿಲ್ಲ!" ಎಂದು ನಕ್ಕಳು.

ಲಿಂಗ ಕಟ್ಟಿಕೊಂಡ ಮೈಗೆ ಸೂತಕವಿಲ್ಲ, ಹೆಣ್ಣನ್ನು ತಿಂಗಳಿಗೊಮ್ಮೆ ಹೊರಗೆ ಕೂರಿಸುವುದು ಅನ್ಯಾಯ ಎಂದು ವಾದಿಸಿ ಕಾಲೇಜಿಗೆ ಬಹುಮಾನದ ಢಾಲು ಗೆದ್ದುಕೊಟ್ಟವನು ನಾನು. "ಹೊರಗ ಕುಂದ್ರಸೂದು ಪರಿಹಾರ ಅಲ್ಲ ಯಮನವ್ವ" ಎಂದೆ.

"ನಾ ಎಲ್ಲಿ ಪರಿಹಾರ ಅಂದೇನ್ರಿ? ಮಳ್ಯಾಗ ಕುರಿ ಹಟ್ಟಿ ಮಗ್ಗಲಕ ಕುಂದರೂದು ಎಷ್ಟ ತ್ರಾಸಂತ ನನಗ ಕೇಳ್ರಿ. ಒಳಗ ಕುಂದರಸ್ರಿ, ಬ್ಯಾಡ ಅಂದೋರ್ಯಾರು? ಬಾಯಿ ಬಿಟ್ಟ ಕೇಳ್ರಿ ಅಂದೆ, ಅಷ್ಟ."

ಈ ಅಂಶವನ್ನು ಒಪ್ಪಿಕೊಂಡೆ, ಶಾಂತಾ. ನನ್ನ ಪಕ್ಷವನ್ನು ನಾನು ಬಿಟ್ಟಿಲ್ಲ. ಇಂದಿಗೂ ಅದೇ ಸರಿ. ಆದರೆ ಆ ಪದ್ಧತಿಯನ್ನು ಹೊರಗೆ ಹಾಕುವಾಗ ಅದರ ಸಂಗಡ ಮಾತನ್ನೂ ಹೊರಗೆ ಹಾಕಿದ್ದೆವು. ಈಗ ನಿನ್ನ ತಾಯಿ ಅಡುಗೆಮನೆಯಲ್ಲಿ ಎಲ್ಲವನ್ನೂ ಗಟ್ಟಿಯಾಗಿಯೇ ಕೇಳುತ್ತಾಳೆ. ನಾನು ಪೇಪರು ಹಿಡಿದು ಅಂಗಳಕ್ಕೆ ಹೋಗಬೇಕಾಗುತ್ತದೆ. ಹೋಗುತ್ತೇನೆ.

ಡಿಸೆಂಬರಿನ ತಪಾಸಣೆಯಲ್ಲಿ ಹೃದಯ ಬಹುಮಟ್ಟಿಗೆ ಮೊದಲಿನ ಅಳತೆಗೆ ಬಂದಿದೆ ಎಂದರು. ಡಾಕ್ಟರಬಾಯಿ ಉಮಾಶ್ರೀಯ ಮುಖ ನೋಡಿ, "ಹುಬ್ಬ ಬಂದಾವ ನೋಡ್ರಿ ಕಾಕಾ" ಎಂದು ನನ್ನ ಕಡೆ ನಕ್ಕರು. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ಕಳೆದ ನಾಲ್ಕು ವರ್ಷ ಅವಳು ಬಂದಿರಲಿಲ್ಲ. ಈ ಸಲ ಸಜ್ಜಿ ರೊಟ್ಟಿಯ ಬುಟ್ಟಿಯನ್ನು ತಾನೇ ಹಿಡಿದು ಬದುವಿನ ಮೇಲೆ ನಡೆದಳು. ನಾನು "ಹುಲ್ಲುಲ್ಲಿಗೋ" ಎಂದು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲುವಾಗ ಈಶ್ವರಿ ಹಿಂದಿನಿಂದ "ಚಲಾಂಬರಿಗೋ" ಎಂದು ಒದರುವ ಬದಲು, ಉಂಡಗಡಬು ತೆಗೆದು ನನ್ನ ಬೆನ್ನಿಗೆ ಹೊಡೆದಳು. ಉಮಾಶ್ರೀ ನಕ್ಕಳು. ಜೋಳದ ಬೆಳೆಯೊಳಗಿನ ಹಕ್ಕಿಗಳು ಏಳುವಷ್ಟು ಗಟ್ಟಿಯಾಗಿ ನಕ್ಕಳು.

ಅಲ್ಲಿಯೇ, ಊಟಕ್ಕೆ ಕುಳಿತಾಗ, ನಿನ್ನ ಅತ್ತೆಯವರ ಮಾತು ಬಂತು. ಉಮಾಶ್ರೀ ರೊಟ್ಟಿ ಮುರಿಯುತ್ತ, "ಶಾಂತಕ್ಕಗ ಬರಾಕ ಹೇಳ್ರಿ ಮಾವಾರ. ಅವರ ಬಾಣಂತನಾ ನಾ ಮಾಡತೇನಿ. ಏನೇನ ಕೇಳಬೇಕು ನನಗ ಗೊತ್ತೈತಿ" ಎಂದಳು.

ನಿನ್ನ ಅತ್ತೆಯವರಿಗೆ ನನ್ನ ಉತ್ತರ ಅದೇ. ಹೆರಿಗೆ ಮಿರಜೆಯಲ್ಲಿ ಆಗಲಿ, ರಕ್ತದ ವ್ಯವಸ್ಥೆ ಕೈಯಳತೆಯಲ್ಲಿರುವಲ್ಲಿ. ಬಾಣಂತನ ಸಂಖದಲ್ಲಿ ಆಗಲಿ. ಈ ಮನೆಯಲ್ಲಿ ಈಗ ನಿನ್ನನ್ನು ಕೇಳುವ ಬಾಯಿಗಳು, ಈಶ್ವರಿಯದೂ ಕೂಡಿ, ಮೂರಿವೆ. ನನ್ನದನ್ನು ಸೇರಿಸಿದರೆ ನಾಲ್ಕು, ಆದರೆ ಡಾಕ್ಟರಬಾಯಿಯ ಮಾತಿನಂತೆ ನಾನು ಚೂರು ಹೊರಗೆ ನಿಲ್ಲುತ್ತೇನೆ. ಅಳಿಯಂದಿರೊಡನೆ ಮಾತಾಡಿ ತಿಳಿಸು. ಕುಬಸದ ಸೀರೆಯನ್ನು ನಿನ್ನ ವೈನಿಯೇ ಆರಿಸಿದ್ದಾಳೆ, ಹಸಿರು ಇಳಕಲ್ಲು.

ಒಳ್ಳೆಯದನ್ನು ಉಣ್ಣು, ಸಿಟ್ಟು ಮಾಡಬೇಡ. ಮೈಯಲ್ಲಿ ಏನೇ ವ್ಯತ್ಯಾಸ ಕಂಡರೂ ಯಾರಿಗಾದರೂ ಹೇಳು. ಚುಟುಕು ಉತ್ತರದ ತಂದೆಗಾದರೂ ಸರಿ, ಹೇಳು. ನೂರು ಕಾಲ ಸುಖವಾಗಿರು.

ನಿನ್ನ ತಂದೆ,
ಮಲಕಾಜಪ್ಪ

ತಾ.ಕ. ಮೇಲಿನದನ್ನು ನಿನ್ನ ಅತ್ತೆಯವರಿಗೆ ಓದಿ ಹೇಳಬಹುದು. ಇದನ್ನು ಬೇಡ.

ನವೆಂಬರಿನಲ್ಲಿ ಒಂದು ದಿನ ಉಮಾಶ್ರೀ ಈಶ್ವರನ ಸ್ವೆಟರನ್ನು ಒಗೆದು, ಒಣಗಿಸಿ, ಮಡಚಿ ನನ್ನ ಮಂಚದ ಮೇಲೆ ಇಟ್ಟಳು. "ಈಗ ಇದನ್ನ ಹಾಕೊಂಡ್ರ ಸೆಕಿ ಆಗತೈತ್ರಿ ಮಾವಾರ" ಎಂದಳು. ನಾನು ಸಂತೋಷಪಡಬೇಕಾಗಿತ್ತು, ಪಡಲಾಗಲಿಲ್ಲ. ನಾಲ್ಕು ವರ್ಷ ಆ ಸ್ವೆಟರನ್ನು ನೋಡಿದಾಗಲೆಲ್ಲ, ನನ್ನ ಮಗನನ್ನು ಬಿಟ್ಟುಕೊಡದವಳು ಇನ್ನೊಬ್ಬಳು ಈ ಮನೆಯಲ್ಲಿದ್ದಾಳೆ ಎಂದುಕೊಳ್ಳುತ್ತಿದ್ದೆ. ನಾನು ಯಾರ ಮುಂದೆಯೂ ಅಳದವನು. ನನ್ನ ಪಾಲಿನದನ್ನೂ ಅವಳೇ ಒಳಗೊಳಗೆ ಅಳುತ್ತಿದ್ದಾಳೆಂದು ತಿಳಿದಿದ್ದೆ. ಅದು ಬರೀ ಚಳಿಯಾಗಿತ್ತೆಂದು ತಿಳಿದ ದಿನ, ಈಶ್ವರನ ದುಃಖದಲ್ಲಿ ನಾನು ಒಬ್ಬನೇ ಉಳಿದೆ. ನಿನ್ನ ತಾಯಿಗೂ ಇದನ್ನು ಹೇಳಿಲ್ಲ.

ಅಮಾವಾಸ್ಯೆಯ ದಿನ ಹೊಲದಿಂದ ಹೊರಡುವಾಗ ಉಮಾಶ್ರೀ ಬನ್ನಿಗಿಡದ ಹತ್ತಿರ ನಿಂತುಬಿಟ್ಟಳು. ಮದುವೆಯಾದ ವರ್ಷ ಈಶ್ವರ ಅವಳನ್ನು ಅಲ್ಲಿ ನಿಲ್ಲಿಸಿ ಫೋಟೋ ತೆಗೆದಿದ್ದ. ನೋಡನೋಡುತ್ತ ಅವಳಿಗೆ ಅಳು ಬಂತು, ಕೂಸು ಹುಟ್ಟಿದ ಮೇಲೆ ನಾನು ಕಂಡ ಮೊದಲನೆಯ ಅಳು. "ಇಷ್ಟ ವರ್ಷ ಅಳಬೇಕಂದ್ರೂ ಅಳು ಬರತಿರಲಿಲ್ರಿ ಮಾವಾರ. ಅವರ ಮುಖಾ ಸೈತ ಮಸಕ ಮಸಕ ಆಗಿತ್ತು. ಈಗ ಬರಾಕತ್ತೈತಿ, ಎಲ್ಲಾ ಬರಾಕತ್ತೈತಿ" ಎಂದಳು. ನಾನು ಹೋಗಿ ಅವಳ ಮಗ್ಗುಲಲ್ಲಿ ನಿಂತೆ. ನನ್ನ ಮುಖವನ್ನು ಅವಳು ನೋಡಲಿಲ್ಲ, ನೋಡಿದ್ದರೂ ಅಡ್ಡಿಯಿರಲಿಲ್ಲ.

ಇದನ್ನು ಬರೆಯುವಾಗ ಆ ಸ್ವೆಟರ್ ನನ್ನ ಮೈಮೇಲಿದೆ. ತೋಳು ನನಗೆ ತುಸು ಉದ್ದ. ಚಳಿ ಹೆಚ್ಚಾಗಿದೆ, ಅದಕ್ಕೇ ಹಾಕಿಕೊಂಡಿದ್ದೇನೆಂದು ನಿನ್ನ ತಾಯಿಗೆ ಹೇಳಿದ್ದೇನೆ.